ಬಿಡಾರದ ಗಾಡಿಯ ಎ.ಸಿ. ನೀರು: ಹನಿಯ ಲೆಕ್ಕ, ಸಸಿಯ ಲೆಕ್ಕ

'ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ' ಎಂಬ ಗಾದೆಯನ್ನು ಬಾಣಾವರದ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಸನ ಜಿಲ್ಲೆಯ ಪಶ್ಚಿಮದಲ್ಲಿ ಸಕಲೇಶಪುರದ ಮಲೆನಾಡು ಮುಂಗಾರಿನಲ್ಲಿ ತೊಯ್ಯುತ್ತಿರುವಾಗ, ಅದೇ ಜಿಲ್ಲೆಯ ಈಶಾನ್ಯದ ಅರಸೀಕೆರೆ ತಾಲ್ಲೂಕು ಮುಗಿಲು ನೋಡುತ್ತಿರುತ್ತದೆ. ರಾಗಿ, ಹುರುಳಿ, ಎಳ್ಳು, ಹರಳು ಬೆಳೆಯುವ ಕೆಂಪು ನೆಲ ಇದು. ಇಲ್ಲಿನ ಮನೆತನಗಳ ಮುಖ್ಯ ಆಸರೆ ತೆಂಗು. ಆದರೆ ತೆಂಗು ನೀರನ್ನು ಬೇಡುವ ಮರ. ಕೊಳವೆಬಾವಿ ಬತ್ತಿದ ವರ್ಷ ಮೊದಲು ಕಾಯಿ ಉದುರುತ್ತದೆ, ಆಮೇಲೆ ಗರಿ ಜೋತುಬೀಳುತ್ತದೆ, ಕೊನೆಗೆ ಸುಳಿಯೇ ಒಣಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಅಂತಹ ವರ್ಷಗಳಲ್ಲಿ ಸತ್ತ ಮರಗಳ ಜಾಗಕ್ಕೆ ನೆಟ್ಟ ಸಸಿಗಳನ್ನು ಎರಡು ಬೇಸಿಗೆ ದಾಟಿಸುವುದೇ ತೋಟಗಾರನಿಗೆ ದೊಡ್ಡ ಕೆಲಸ.

ಇಂತಹ ಸೀಮೆಯಲ್ಲಿ ಯಾವ ನೀರೂ ಸಣ್ಣದಲ್ಲ ಎಂಬುದು ನಿಜ. ಆದರೆ ಎಷ್ಟು ಹನಿ ಕೂಡಿದರೆ ಎಷ್ಟು ದೊಡ್ಡ ಹಳ್ಳ ಎಂದು ಗಾದೆ ಹೇಳುವುದಿಲ್ಲ. ಅದನ್ನು ರೈತನೇ ಅಳೆದು ನೋಡಬೇಕು. ಈಚೆಗೆ ಕಣ್ಣಿಗೆ ಬೀಳುತ್ತಿರುವ ಒಂದು ಹೊಸ ಹನಿ ಎಂದರೆ ಹವಾನಿಯಂತ್ರಣ ಯಂತ್ರದಿಂದ, ಅಂದರೆ ಎ.ಸಿ.ಯಿಂದ, ತೊಟ್ಟಿಕ್ಕುವ ನೀರು. ಪ್ರವಾಸಿಗಳ ವಾಹನಕ್ಕೆ ತೋಟದಲ್ಲಿ ತಂಗಲು ಜಾಗ ಕೊಡುವ ರೈತರು ಈ ನೀರನ್ನು ಹೇಗೆ ಹಿಡಿಯಬಹುದು, ಎಷ್ಟು ನಿರೀಕ್ಷಿಸಬಹುದು, ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂಬ ವಿವರ ಇಲ್ಲಿದೆ.

ಗಾಲಿಯ ಮೇಲಿನ ಬಿಡಾರ

ಗಾಡಿಯಲ್ಲೇ ಬಿಡಾರ ಹೂಡುವುದು ನಮ್ಮವರಿಗೆ ಹೊಸದಲ್ಲ. ಜಾತ್ರೆಗೆ ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಹೊರಟವರು ತೋಪಿನ ನೆರಳಿನಲ್ಲಿ ಕೊರಳು ಬಿಚ್ಚಿ, ಮೂರು ಕಲ್ಲಿನ ಒಲೆ ಹೂಡಿ, ಹತ್ತಿರದ ಬಾವಿಯ ನೀರನ್ನು ಅಳತೆಯಿಂದ ಬಳಸಿ ರಾತ್ರಿ ಕಳೆಯುತ್ತಿದ್ದರು. ಇಂದು ಅದೇ ಬಿಡಾರ ಮೋಟಾರು ವಾಹನಕ್ಕೆ ಏರಿದೆ. ಸಿನಿಮಾ ಚಿತ್ರೀಕರಣದ ಸ್ಥಳಗಳಲ್ಲಿ ನಿಲ್ಲುವ ಕ್ಯಾರವಾನ್ ಎಲ್ಲರಿಗೂ ಗೊತ್ತು. ಮಲಗುವ ಹಾಸಿಗೆ, ಅಡುಗೆಯ ಕಟ್ಟೆ, ಶೌಚಾಲಯ, ನೀರಿನ ತೊಟ್ಟಿ, ಚಾವಣಿಯ ಮೇಲೊಂದು ಎ.ಸಿ. ಯಂತ್ರ ಇವೆಲ್ಲ ಅದರೊಳಗೇ ಇರುತ್ತವೆ. ಪ್ರವಾಸಿಗಳಿಗಾಗಿಯೂ ಇಂತಹ ವಾಹನಗಳು ಬಂದಿವೆ. ನೆರೆಯ ಕೇರಳ ರಾಜ್ಯ 2021ರಲ್ಲಿ ಇದಕ್ಕಾಗಿಯೇ ಒಂದು ಯೋಜನೆಯನ್ನು ಆರಂಭಿಸಿತು.

ಬಾಣಾವರ ತುಮಕೂರು–ಶಿವಮೊಗ್ಗ ಹೆದ್ದಾರಿಯ ಮೇಲಿದೆ. ಇಲ್ಲಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ, ಮುಂದೆ ಬೇಲೂರಿಗೆ ದಾರಿಯಿದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈ ದಾರಿಯಲ್ಲಿ ಹೋಗುವ ವಾಹನಗಳಿಗೆ ತೆಂಗಿನ ತೋಟದ ನೆರಳು ಒಳ್ಳೆಯ ತಂಗುದಾಣ. ಜಾಗ ಕೊಡುವ ರೈತನಿಗೆ ಬಾಡಿಗೆ ಬರಬಹುದು. ಆದರೆ ವಾಹನದ ತೊಟ್ಟಿ ತುಂಬುವುದು ತೋಟದ ಕೊಳವೆಬಾವಿಯಿಂದಲೇ. ಆದ್ದರಿಂದ ಬಿಡಾರದಲ್ಲಿ ಉಳಿಯುವ ಪ್ರತಿ ಕೊಡವೂ ತೋಟಕ್ಕೆ ಉಳಿದ ಕೊಡ ಎಂದು ತಿಳಿಯಬೇಕು.

ನೀರು ಬರುವುದೆಲ್ಲಿಂದ?

ಮಳೆಗಾಲದಲ್ಲಿ ತಣ್ಣೀರು ತುಂಬಿದ ಹಿತ್ತಾಳೆ ಚೊಂಬಿನ ಹೊರಮೈ ಬೆವರುವುದನ್ನು ಎಲ್ಲರೂ ನೋಡಿದ್ದಾರೆ. ಚೊಂಬು ಸೋರಿ ಬಂದ ನೀರಲ್ಲ ಅದು. ಗಾಳಿಯಲ್ಲಿ ಕಣ್ಣಿಗೆ ಕಾಣದೆ ಬೆರೆತಿರುವ ಆವಿ ತಣ್ಣನೆಯ ಲೋಹಕ್ಕೆ ತಗುಲಿ ಹನಿಯಾಗುತ್ತದೆ. ಮುಂಜಾನೆ ಹುಲ್ಲಿನ ಮೇಲೆ ಬೀಳುವ ಇಬ್ಬನಿಯೂ ಇದೇ. ಎ.ಸಿ. ಯಂತ್ರದ ಒಳಭಾಗದಲ್ಲಿ ಸುಮಾರು 10ರಿಂದ 12 ಡಿಗ್ರಿ ಸೆಲ್ಸಿಯಸ್ ತಂಪಿರುವ ಲೋಹದ ಸುರುಳಿಯಿದೆ. ಕೋಣೆಯ ಗಾಳಿ ಅದರ ಮೇಲೆ ಹಾಯುವಾಗ ಹೆಚ್ಚಿನ ಆವಿ ನೀರಾಗಿ ಇಳಿಯುತ್ತದೆ.

ಈ ನೀರು ಯಂತ್ರದ ದೋಷವಲ್ಲ. ಗಾಳಿಯ ತೇವ ತೆಗೆಯುವುದಕ್ಕೇ ಈ ಯಂತ್ರ ಹುಟ್ಟಿತು. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳ ಅಚ್ಚು ತಪ್ಪುತ್ತಿತ್ತು. ಅದನ್ನು ಸರಿಪಡಿಸಲು ವಿಲಿಸ್ ಕ್ಯಾರಿಯರ್ ಎಂಬ ಇಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಹವಾನಿಯಂತ್ರಣದ ಮೂಲ.

ಗಾಳಿ ಬಿಸಿಯಾದಷ್ಟೂ ಅದರಲ್ಲಿ ಹೆಚ್ಚು ಆವಿ ಹಿಡಿಯುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಎಷ್ಟು ಆವಿ ಇರಬಲ್ಲದು ಎಂಬುದನ್ನು ಕೆಳಗೆ ಕೊಟ್ಟಿದೆ.

12 ಡಿಗ್ರಿಯಲ್ಲಿ — ಸುಮಾರು 10.7 ಗ್ರಾಂ
20 ಡಿಗ್ರಿಯಲ್ಲಿ — ಸುಮಾರು 17.3 ಗ್ರಾಂ
26 ಡಿಗ್ರಿಯಲ್ಲಿ — ಸುಮಾರು 24.4 ಗ್ರಾಂ
35 ಡಿಗ್ರಿಯಲ್ಲಿ — ಸುಮಾರು 39.6 ಗ್ರಾಂ

ಈಗ ಎರಡು ದಿನಗಳನ್ನು ಹೋಲಿಸಿ ನೋಡಿ. ಮಾರ್ಚ್ ತಿಂಗಳ ಒಂದು ಒಣ ಮಧ್ಯಾಹ್ನ ತಾಪಮಾನ 35 ಡಿಗ್ರಿ, ಗಾಳಿಯ ತೇವಾಂಶ ಶೇ. 25 ಎಂದಿಟ್ಟುಕೊಳ್ಳಿ. ಆಗ ಒಂದು ಘನ ಮೀಟರ್ ಗಾಳಿಯಲ್ಲಿರುವ ಆವಿ ಸುಮಾರು 10 ಗ್ರಾಂ ಮಾತ್ರ. 12 ಡಿಗ್ರಿಗೆ ತಂಪಾದ ಮೇಲೂ ಗಾಳಿ ಅಷ್ಟನ್ನೂ ಹಿಡಿದುಕೊಳ್ಳಬಲ್ಲದು. ಯಂತ್ರದಿಂದ ಒಂದು ಹನಿಯೂ ಬೀಳದೆ ಇರಬಹುದು. ಅದೇ ಮೇ ತಿಂಗಳಲ್ಲಿ ಮಳೆ ಬಿದ್ದ ಸಂಜೆ ತಾಪಮಾನ 26 ಡಿಗ್ರಿ, ತೇವಾಂಶ ಶೇ. 80 ಎಂದಿಟ್ಟುಕೊಂಡರೆ ಗಾಳಿಯಲ್ಲಿ 19.5 ಗ್ರಾಂ ಆವಿ ಇರುತ್ತದೆ. ಅದರಲ್ಲಿ 8.8 ಗ್ರಾಂ ನೀರಾಗಿ ಇಳಿಯಬಲ್ಲದು.

ಇದರಿಂದ ತಿಳಿಯುವ ಮುಖ್ಯ ಮಾತು ಒಂದಿದೆ. ನೀರು ಅತಿಯಾಗಿ ಬೇಕಾದ ಒಣ ದಿನಗಳಲ್ಲಿ ಈ ಯಂತ್ರ ಕಡಿಮೆ ನೀರು ಕೊಡುತ್ತದೆ. ಹೊರಗೆ ತೇವ ಹೆಚ್ಚಿದ ದಿನಗಳಲ್ಲಿ ಹೆಚ್ಚು ಕೊಡುತ್ತದೆ. ಕರಾವಳಿಯಲ್ಲಿ ಬಕೆಟ್ ತುಂಬುವ ಯಂತ್ರ ಬಾಣಾವರದಲ್ಲಿ ಅರ್ಧ ಬಕೆಟ್ ಕೊಟ್ಟರೆ ಆಶ್ಚರ್ಯಪಡಬೇಕಾಗಿಲ್ಲ.

ಒಂದು ರಾತ್ರಿಗೆ ಎಷ್ಟು?

ಸಾಧಾರಣ ಗಾತ್ರದ ಬಿಡಾರದ ವಾಹನದೊಳಗೆ ಸುಮಾರು 25 ಘನ ಮೀಟರ್ ಗಾಳಿ ಇರುತ್ತದೆ ಎನ್ನಿ. ಮೇಲೆ ಹೇಳಿದ ಮೇ ತಿಂಗಳ ಸಂಜೆ ಈ ಗಾಳಿಯಿಂದ ಇಳಿಯುವ ನೀರು 25ನ್ನು 8.8ರಿಂದ ಗುಣಿಸಿದರೆ 220 ಗ್ರಾಂ, ಅಂದರೆ ಕಾಲು ಲೀಟರ್‌ಗಿಂತಲೂ ಕಡಿಮೆ. ಆಮೇಲೆ ಬರುವ ನೀರಿಗೆ ಎರಡೇ ಮೂಲ. ಒಂದು, ಬಾಗಿಲು ಕಿಟಕಿಗಳ ಸಂದಿನಿಂದ ಒಳಬರುವ ಹೊಸ ಗಾಳಿ. ಎರಡು, ಒಳಗಿರುವ ಜನರ ಉಸಿರು ಮತ್ತು ಬೆವರು. ಸುಮ್ಮನೆ ಮಲಗಿರುವ ಒಬ್ಬ ಮನುಷ್ಯನಿಂದ ಗಂಟೆಗೆ 40ರಿಂದ 50 ಗ್ರಾಂ ಆವಿ ಹೊರಬೀಳುತ್ತದೆ. ಮೂವರು ಎಂಟು ಗಂಟೆ ಮಲಗಿದರೆ ಇದೊಂದರಿಂದಲೇ ಸುಮಾರು ಒಂದು ಲೀಟರ್.

ಇವೆಲ್ಲವನ್ನೂ ಕೂಡಿಸಿದರೆ, ತೇವದ ರಾತ್ರಿಯಲ್ಲಿ ಬಾಗಿಲು ಮುಚ್ಚಿದ ವಾಹನದಿಂದ ಎಂಟು ಗಂಟೆಗೆ 3ರಿಂದ 6 ಲೀಟರ್, ಒಣ ರಾತ್ರಿಯಲ್ಲಿ ಒಂದೆರಡು ಲೀಟರ್ ಎಂದು ನಿರೀಕ್ಷಿಸುವುದು ಸರಿ. ಜನ ಬಂದು ಹೋಗುತ್ತ ಬಾಗಿಲು ಮತ್ತೆ ಮತ್ತೆ ತೆರೆಯುವ ಅಂಗಡಿ, ಕಚೇರಿ, ಔಷಧಾಲಯಗಳ ದೊಡ್ಡ ಯಂತ್ರ ತೇವದ ದಿನಗಳಲ್ಲಿ ಗಂಟೆಗೆ ಒಂದೆರಡು ಲೀಟರ್ ಕೊಡುವುದುಂಟು.

ಆದರೂ ಲೆಕ್ಕವನ್ನು ಕಾಗದದ ಮೇಲೆ ಬಿಡದೆ ಅಳೆದು ನೋಡುವುದೇ ಸರಿಯಾದ ಕ್ರಮ. ಅದಕ್ಕೆ ಒಂದು ಬಕೆಟ್, ಒಂದು ಲೀಟರ್ ಅಳತೆ, ಒಂದು ಗಡಿಯಾರ, ಒಂದು ನೋಟ್‌ಪುಸ್ತಕ ಸಾಕು. ಯಂತ್ರ ಹಾಕಿದ ಸಮಯ, ನಿಲ್ಲಿಸಿದ ಸಮಯ, ಒಳಗಿದ್ದ ಜನರ ಸಂಖ್ಯೆ, ಆ ದಿನ ಮಳೆ ಬಂದಿತ್ತೆ ಇಲ್ಲವೆ, ಬಿದ್ದ ನೀರೆಷ್ಟು ಎಂದು ಬರೆದಿಡಬೇಕು. ಬೇರೆ ಬೇರೆ ತಿಂಗಳಲ್ಲಿ ಹತ್ತು ರಾತ್ರಿಗಳ ಅಳತೆ ಸಿಕ್ಕರೆ ತಮ್ಮ ತೋಟದ ಮಟ್ಟಿಗೆ ಇದು ಎಷ್ಟು ದೊಡ್ಡ ನೀರು ಎಂಬುದು ಸ್ಪಷ್ಟವಾಗುತ್ತದೆ. ಗ್ರಾಮಗಳಲ್ಲಿ ನೀರಿನ ಮಿತಬಳಕೆಯ ಬಗ್ಗೆ ತಿಳಿಸುವ ವಿಸ್ತರಣಾ ಕಾರ್ಯಕರ್ತರು ಶಾಲೆಯ ಮಕ್ಕಳಿಂದಲೂ ಈ ಪ್ರಯೋಗ ಮಾಡಿಸಬಹುದು.

ನೀರಿಗಾಗಿ ಯಂತ್ರ ಓಡಿಸಬಾರದು

ನೀರು ಬರುತ್ತದೆಂದು ಯಂತ್ರವನ್ನು ಹೆಚ್ಚು ಹೊತ್ತು ಓಡಿಸುವುದಾಗಲಿ, ಬಾಗಿಲು ತೆರೆದಿಡುವುದಾಗಲಿ ಶುದ್ಧ ನಷ್ಟದ ಕೆಲಸ. ವಾಹನದ ಚಾವಣಿಯ ಎ.ಸಿ. ಒಂದು ರಾತ್ರಿಗೆ ಐದಾರು ಯೂನಿಟ್ ವಿದ್ಯುತ್ ತೆಗೆದುಕೊಂಡು ನಾಲ್ಕೈದು ಲೀಟರ್ ನೀರು ಕೊಟ್ಟಿತೆಂದರೆ, ಲೀಟರ್ ಒಂದಕ್ಕೆ ಒಂದು ಯೂನಿಟ್‌ಗೂ ಮೇಲಾಯಿತು. ಕೊಳವೆಬಾವಿಯಲ್ಲಿ ಸುಮಾರು 500 ಅಡಿ ಆಳದಿಂದ ಒಂದು ಸಾವಿರ ಲೀಟರ್ ನೀರೆತ್ತಲು ಬೇಕಾಗುವುದು ಒಂದರಿಂದ ಒಂದೂವರೆ ಯೂನಿಟ್. ಒಂದು ಕಡೆ ಒಂದು ಲೀಟರ್, ಇನ್ನೊಂದು ಕಡೆ ಸಾವಿರ ಲೀಟರ್! ಪ್ರವಾಸಿ ತನ್ನ ನಿದ್ರೆಗಾಗಿ ಹೇಗೂ ಓಡಿಸುವ ಯಂತ್ರದಿಂದ ಬಿದ್ದುಹೋಗುವ ನೀರನ್ನು ಹಿಡಿಯುವುದು ಜಾಣತನ. ಅದಕ್ಕಾಗಿಯೇ ಯಂತ್ರ ಓಡಿಸುವುದು ಅಲ್ಲ.

ನಮ್ಮ ದೇಶದಲ್ಲಿ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೋಣೆ ಎ.ಸಿ. ಯಂತ್ರಗಳು 24 ಡಿಗ್ರಿಗೇ ಹೊಂದಿಸಿ ಬರಬೇಕೆಂಬ ನಿಯಮವಿದೆ. ತೋಟದಲ್ಲಿ ತಂಗುವವರಿಗೂ ಅದೇ ಮಟ್ಟದಲ್ಲಿಡಲು ಹೇಳಬೇಕು. ವಾಹನವನ್ನು ಮಧ್ಯಾಹ್ನದ ಬಿಸಿಲು ಬೀಳದ ನೆರಳಿನಲ್ಲಿ ನಿಲ್ಲಿಸಿದರೆ ಯಂತ್ರದ ಹೊರೆ ಇಳಿಯುತ್ತದೆ. ಆದರೆ ಕಾಯಿ ತುಂಬಿದ ತೆಂಗಿನ ಮರದ ಕೆಳಗೆ ವಾಹನ ನಿಲ್ಲಿಸಬಾರದು. ಬಲಿತ ಕಾಯಿ ಚಾವಣಿಯ ಯಂತ್ರದ ಮೇಲೆ ಬಿದ್ದರೆ ಆಗುವ ನಷ್ಟ ಬಾಡಿಗೆಯನ್ನು ನುಂಗುತ್ತದೆ. ಮನುಷ್ಯರ ತಲೆಯ ಮೇಲೆ ಬಿದ್ದರೆ ಪ್ರಾಣಕ್ಕೇ ಅಪಾಯ. ಮಾವು, ಹುಣಸೆ, ಹೊಂಗೆಯ ನೆರಳು ಲೇಸು.

ಹಿಡಿಯುವ ವಿಧಾನ

ಮನೆ ಅಥವಾ ಅಂಗಡಿಯ ಯಂತ್ರಕ್ಕೆ ನೀರು ಹೊರಬಿಡುವ ಸಣ್ಣ ಕೊಳವೆ ಇದ್ದೇ ಇರುತ್ತದೆ. ವಾಹನದ ಚಾವಣಿಯ ಕೆಲವು ಯಂತ್ರಗಳಲ್ಲಿ ಕೊಳವೆ ಇರುವುದಿಲ್ಲ. ನೀರು ಚಾವಣಿಯ ಮೇಲೇ ಹರಡಿ ಅಂಚಿನಿಂದ ಇಳಿಯುತ್ತದೆ. ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ ತೊಳೆದುಕೊಂಡು ಬರುವ ಆ ನೀರು ಒಳ್ಳೆಯದಲ್ಲ. ಇಂತಹ ಯಂತ್ರಕ್ಕೆ ತಳದ ತಟ್ಟೆ ಮತ್ತು ಕೊಳವೆಯನ್ನು ವಾಹನದ ಮೆಕ್ಯಾನಿಕ್‌ನಿಂದಲೇ ಹಾಕಿಸಬೇಕು. ಮುಂದಿನ ಕ್ರಮ ಹೀಗಿದೆ.

1. ವಾಹನವನ್ನು ಸಮತಟ್ಟಾದ ಜಾಗದಲ್ಲಿ, ನೀರು ಹೊರಬರುವ ಕಡೆಗೆ ತುಸು ಇಳಿಜಾರಾಗುವಂತೆ ನಿಲ್ಲಿಸಬೇಕು. ತಪ್ಪಾದ ಕಡೆ ವಾಲಿದರೆ ನೀರು ಒಳಗೇ ಸೋರುತ್ತದೆ.

2. ಹೊರಕೊಳವೆಗೆ ಬೆಳಕು ಹಾಯದ ಬಣ್ಣದ ಮೆದು ಕೊಳವೆಯನ್ನು ಜೋಡಿಸಿ, ಎಲ್ಲಿಯೂ ಮೇಲೇರದಂತೆ ಇಳಿಬಿಡಬೇಕು. ನಡುವೆ ತಗ್ಗಾದರೆ ನೀರು ನಿಂತು ಲೋಳೆ ಕಟ್ಟುತ್ತದೆ.

3. ಹತ್ತು ಅಥವಾ ಇಪ್ಪತ್ತು ಲೀಟರ್‌ನ, ಮುಚ್ಚಳವಿರುವ ಕ್ಯಾನ್ ಇಡಬೇಕು. ಕೀಟನಾಶಕದ ಡಬ್ಬಿಯನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬಾರದು.

4. ಕೊಳವೆ ಒಳಹೋಗುವ ಬಾಯಿಗೆ ತೆಳುಬಟ್ಟೆ ಅಥವಾ ಸೊಳ್ಳೆ ಪರದೆಯನ್ನು ಬಿಗಿಯಾಗಿ ಕಟ್ಟಬೇಕು. ಡೆಂಗೀ ಹರಡುವ ಈಡಿಸ್ ಸೊಳ್ಳೆ ಶುದ್ಧವಾದ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು.

5. ಕ್ಯಾನನ್ನು ನೆರಳಿನಲ್ಲಿಟ್ಟು, ನೀರನ್ನು ಮೂರು ನಾಲ್ಕು ದಿನದೊಳಗೆ ಬಳಸಿ ಮುಗಿಸಬೇಕು. ವಾರಕ್ಕೊಮ್ಮೆ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಬೇಕು.

ಕುಡಿಯಲು ಯೋಗ್ಯವೆ?

ಖಂಡಿತ ಇಲ್ಲ. ಈ ನೀರು ನೋಡಲು ಗಾಜಿನಂತೆ ತಿಳಿಯಾಗಿರುತ್ತದೆ. ಆವಿಯಿಂದ ಬಂದುದರಿಂದ ಇದರಲ್ಲಿ ಲವಣಗಳು ಬಹಳ ಕಡಿಮೆ, ಗಡಸುತನವಿಲ್ಲ. ಆದರೆ ಲವಣವಿಲ್ಲದ ನೀರೆಲ್ಲ ಕುಡಿಯುವ ನೀರಲ್ಲ. ಯಂತ್ರದ ಸುರುಳಿ ತಾಮ್ರ ಮತ್ತು ಅಲ್ಯೂಮಿನಿಯಮ್‌ನಿಂದ ಮಾಡಿದ್ದು. ಅವುಗಳ ಅಂಶ ನೀರಿಗೆ ಸೇರಬಹುದು. ಗಾಳಿಯ ಧೂಳು ಸುರುಳಿಗೆ ಅಂಟಿರುತ್ತದೆ. ತಳದ ತಟ್ಟೆಯಲ್ಲಿ ಬೂಷ್ಟು, ಸೂಕ್ಷ್ಮಾಣುಗಳ ಲೋಳೆ ಬೆಳೆಯುತ್ತವೆ. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತವೆ, ಲೋಹ ಹೋಗುವುದಿಲ್ಲ. ಆದ್ದರಿಂದ ಕುಡಿಯಲು, ಅಡುಗೆಗೆ, ಹಲ್ಲುಜ್ಜಲು, ಮಗುವಿನ ಸ್ನಾನಕ್ಕೆ ಇದು ಸಲ್ಲದು. ದನ ಕರು, ಕೋಳಿಗಳಿಗೂ ಕುಡಿಸಬಾರದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಗಳ ಮೇಲೆ ಚಿಮುಕಿಸಬಾರದು.

ಬ್ಯಾಟರಿಗೆ ಹಾಕುವ ನೀರಿನ ಬದಲು ಇದನ್ನು ಬಳಸುವ ಅಭ್ಯಾಸವೂ ಒಳ್ಳೆಯದಲ್ಲ. ಲೋಹದ ಅಂಶ ಸೇರಿದರೆ ಟ್ರ್ಯಾಕ್ಟರ್ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರನ್ನೇ ಹಾಕಬೇಕು. ಯಂತ್ರದ ಸುರುಳಿಯನ್ನು ರಾಸಾಯನಿಕದಿಂದ ತೊಳೆಸಿದ ದಿನ ಮತ್ತು ಮಾರನೆಯ ದಿನದ ನೀರನ್ನು ಯಾವ ಕೆಲಸಕ್ಕೂ ಬಳಸದೆ ಚೆಲ್ಲಬೇಕು.

ಬಿಡಾರದಲ್ಲಿ ಬಳಕೆ

ಬಿಡಾರದಲ್ಲಿ ಈ ನೀರಿಗೆ ತಕ್ಕ ಕೆಲಸಗಳು ಹಲವು ಇವೆ. ತೋಟದ ಕೆಸರು ಮೆತ್ತಿದ ಕಾಲು, ಚಪ್ಪಲಿ ತೊಳೆಯುವುದು, ನೆಲ ಒರೆಸುವುದು, ಗಾಜು ಒರೆಸುವುದು, ಶೌಚಾಲಯಕ್ಕೆ ಸುರಿಯುವುದು. ಗಡಸು ನೀರಿನಿಂದ ಒರೆಸಿದ ಗಾಜಿನ ಮೇಲೆ ಉಳಿಯುವ ಬಿಳಿ ಕಲೆ ಇದರಿಂದ ಉಳಿಯುವುದಿಲ್ಲ.

ಆದರೆ ಒಟ್ಟು ಖರ್ಚಿನಲ್ಲಿ ಇದರ ಪಾಲು ಎಷ್ಟೆಂಬುದನ್ನೂ ನೋಡಬೇಕು. ಬಿಡಾರದ ಸ್ನಾನಗೃಹದಲ್ಲಿ ನಿಮಿಷಕ್ಕೆ 8 ಲೀಟರ್ ಬೀಳುವ ಷವರ್ ಕೆಳಗೆ ಐದು ನಿಮಿಷ ನಿಂತರೆ 40 ಲೀಟರ್ ಹೋಯಿತು. ಅದೇ ಬಕೆಟ್ ಮತ್ತು ಚೊಂಬಿನಿಂದ 15 ಲೀಟರ್‌ನಲ್ಲಿ ಸ್ನಾನ ಮುಗಿಯುತ್ತದೆ. ಒಬ್ಬರ ಒಂದು ಸ್ನಾನದಲ್ಲಿ ಉಳಿದ 25 ಲೀಟರ್ ಎಂದರೆ ಎ.ಸಿ. ಯಂತ್ರದ ಐದಾರು ರಾತ್ರಿಯ ನೀರು! ಆದ್ದರಿಂದ ಜಾಗ ಕೊಡುವ ರೈತರು ಮೊದಲು ಒಂದು ಬಕೆಟ್, ಒಂದು ಚೊಂಬನ್ನು ಒದಗಿಸಿ, ಆಮೇಲೆ ಎ.ಸಿ. ಕೊಳವೆಯ ಕೆಳಗೆ ಕ್ಯಾನ್ ಇಡುವುದು ಸರಿಯಾದ ಅನುಕ್ರಮ. ಬಂದವರು ನೀರಿನ ಬೆಲೆ ತಿಳಿಯದವರೇನಲ್ಲ. ನಗರದಲ್ಲಿ ಟ್ಯಾಂಕರ್ ಕಾದವರಿಗೆ ವಿನಯದಿಂದ ಒಂದು ಮಾತು ಹೇಳಿದರೆ ಸಾಕು.

ವಾಹನದಿಂದ ಹೊರಬರುವ ಸಾಬೂನಿನ ನೀರನ್ನೂ ಶೌಚದ ನೀರನ್ನೂ ಎ.ಸಿ. ನೀರಿನೊಂದಿಗೆ ಬೆರೆಸಲೇಬಾರದು. ಶೌಚದ ತೊಟ್ಟಿಯಲ್ಲಿ ರಾಸಾಯನಿಕ ಹಾಕಿರುವುದುಂಟು. ಅದನ್ನು ತೆಂಗಿನ ಪಾತಿಗೆ ಅಥವಾ ಬಾವಿಯ ಹತ್ತಿರ ಬಿಡಲು ಯಾವ ಕಾರಣಕ್ಕೂ ಒಪ್ಪಬಾರದು.

ಸಸಿಯ ಲೆಕ್ಕ

ತೆಂಗಿನ ಸಸಿಗೆ ಮೊದಲ ಎರಡು ವರ್ಷ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ 45 ಲೀಟರ್ ನೀರು ಕೊಡಬೇಕೆಂಬುದು ರೂಢಿಯಲ್ಲಿರುವ ಶಿಫಾರಸು. ದಿನಕ್ಕೆ ಹೇಳುವುದಾದರೆ ಸುಮಾರು 11 ಲೀಟರ್. ಫಲಕ್ಕೆ ಬಂದ ಮರಕ್ಕೆ ಪಾತಿಯಲ್ಲಿ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಬೇಕು. ಹೀಗಿರುವಾಗ ಒಂದು ವಾಹನದ ಒಂದು ರಾತ್ರಿಯ 4–5 ಲೀಟರ್ ನೀರು ದೊಡ್ಡ ಮರಕ್ಕೆ ನಾಲಗೆ ನೆನೆಸಲೂ ಸಾಲದು. ಸಸಿಗಾದರೆ ಅದು ಅರ್ಧ ದಿನದ ಊಟಕ್ಕೆ ತುಸು ಕಡಿಮೆ. ತೋಟದ ನೀರಾವರಿಗೆ ಇದು ಬದಲಿಯಲ್ಲ. ಒಂದು ಸಸಿಯ ಕೈಹಿಡಿಯುವ ನೀರು.

ಇಷ್ಟು ಕಡಿಮೆ ನೀರನ್ನು ಪಾತಿಗೆ ಸುರಿದರೆ ಮೇಲ್ಮಣ್ಣು ನೆನೆದು ಬಿಸಿಲಿಗೆ ಆರಿಹೋಗುತ್ತದೆ. ಬೇರಿಗೆ ತಲುಪಿಸಲು ಮಡಕೆ ನೀರಾವರಿ ಸೂಕ್ತ. ಒಳಹೊರಗೆ ಬಣ್ಣ ಬಳಿಯದ, ಚೆನ್ನಾಗಿ ಸುಟ್ಟ, ಐದಾರು ಲೀಟರ್ ಹಿಡಿಯುವ ಮಣ್ಣಿನ ಮಡಕೆಯನ್ನು ಸಸಿಯಿಂದ ಒಂದೂವರೆ ಅಡಿ ದೂರದಲ್ಲಿ ಕಂಠದವರೆಗೆ ಹೂಳಬೇಕು. ಸಸಿಯ ಎರಡು ಪಕ್ಕಕ್ಕೆ ಎರಡು ಮಡಕೆಯಾದರೆ ಉತ್ತಮ. ರಾತ್ರಿ ಹಿಡಿದ ನೀರನ್ನು ಬೆಳಿಗ್ಗೆ ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳವಿಡಬೇಕು. ಮಡಕೆಯ ಮೈಯಿಂದ ನೀರು ನಿಧಾನವಾಗಿ ಒಸರಿ ಬೇರಿನ ವಲಯವನ್ನು ತೇವವಾಗಿಡುತ್ತದೆ. ಗಡಸು ನೀರಿನಿಂದ ಮಡಕೆಯ ಸಣ್ಣ ರಂಧ್ರಗಳು ಕಾಲಕ್ರಮದಲ್ಲಿ ಮುಚ್ಚಿಹೋಗುವುದುಂಟು. ಲವಣ ಕಡಿಮೆಯಿರುವ ಎ.ಸಿ. ನೀರಿನಲ್ಲಿ ಆ ತೊಂದರೆ ಕಡಿಮೆ.

ಪಾತಿಗೆ ಒಣಗಿದ ತೆಂಗಿನ ಗರಿ, ಕಾಯಿ ಸಿಪ್ಪೆ ಅಥವಾ ನಾರಿನ ಪುಡಿಯ ಹೊದಿಕೆ ಹಾಕಬೇಕು. ಸಸಿಗೆ ಪಶ್ಚಿಮದ ಬಿಸಿಲು ತಾಗದಂತೆ ಹೆಣೆದ ಗರಿಯ ಮರೆ ಕಟ್ಟಬೇಕು. ಹೊದಿಕೆ ಮತ್ತು ನೆರಳು ಇಲ್ಲದ ಸಸಿಗೆ ಎಷ್ಟು ನೀರು ಹಾಕಿದರೂ ಸಾಲದು. ಯಂತ್ರದ ನೀರು ಕಡಿಮೆ ಬಿದ್ದ ದಿನ, ವಾಹನ ಬಾರದ ದಿನ ಉಳಿದುದನ್ನು ಕೊಳವೆಬಾವಿಯಿಂದ ತುಂಬಿಕೊಡಲೇಬೇಕು. 'ಎ.ಸಿ. ನೀರು ಬೀಳುತ್ತಿದೆ' ಎಂದು ನಂಬಿ ವಾರಗಟ್ಟಲೆ ಸಸಿಯ ಕಡೆ ನೋಡದಿದ್ದರೆ ಅದು ಒಣಗುತ್ತದೆ. ಈ ಭಾಗದ ಎತ್ತರದ ತಳಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಎರಡನೆಯ ಬೇಸಿಗೆಯಲ್ಲಿ ಸಸಿ ಸತ್ತರೆ ರೈತ ಕಳೆದುಕೊಳ್ಳುವುದು ಸಸಿಯ ಬೆಲೆಯನ್ನಲ್ಲ, ಎರಡು ವರ್ಷಗಳನ್ನು.

ಸಿಂಪರಣೆಗೆ ಮೆದು ನೀರು

ಮನೆಯಲ್ಲಿ ಅಥವಾ ಅಂಗಡಿಯಲ್ಲಿ ದಿನವಿಡೀ ಓಡುವ ಯಂತ್ರವಿದ್ದವರಿಗೆ ಇನ್ನೊಂದು ಉಪಯೋಗವಿದೆ. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಗಡಸು ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಸಿಯಮ್ ಅಂಶ ಹೆಚ್ಚಿರುತ್ತದೆ. ರಾಗಿಯಲ್ಲಿ ಅಗಲ ಎಲೆಯ ಕಳೆಗೆ ಬಳಸುವ 2,4-ಡಿ ಸೋಡಿಯಂ ಲವಣವನ್ನು ಇಂತಹ ನೀರಿನಲ್ಲಿ ಕಲಸಿದರೆ ಸುಣ್ಣದೊಂದಿಗೆ ಸೇರಿ ಗಷ್ಟು ಕಟ್ಟಬಹುದು. ಔಷಧದ ಶಕ್ತಿ ಕುಂದುತ್ತದೆ, ನಾಜಲ್ ಕಟ್ಟಿಕೊಳ್ಳುತ್ತದೆ. ಅಲ್ಲಿ ಮಳೆ ನೀರು ಅಥವಾ ಬಟ್ಟೆಯಲ್ಲಿ ಸೋಸಿದ ತಾಜಾ ಎ.ಸಿ. ನೀರು ಮೇಲು. ಬೆನ್ನಿಗೆ ಕಟ್ಟುವ ಸಿಂಪರಣಾ ಯಂತ್ರದ ಒಂದು ತುಂಬು ಸುಮಾರು 15 ಲೀಟರ್.

ಎಷ್ಟೋ ದಿನ ನಿಂತ ನೀರನ್ನು ಸಿಂಪರಣೆಗೆ ಬಳಸಬಾರದು. ಬೆಚ್ಚಗೆ ನಿಂತ ನೀರಿನಲ್ಲಿ ಬೆಳೆಯುವ ಕೆಲವು ರೋಗಾಣುಗಳು ತುಂತುರಿನೊಡನೆ ಶ್ವಾಸಕೋಶ ಸೇರಿದರೆ ಅಪಾಯ. ಮೂಗು ಬಾಯಿಗೆ ಮರೆ ಇರಲೇಬೇಕು. ರಾಗಿಯ ನಡುವೆ ತೊಗರಿ, ಅವರೆಯ ಅಕ್ಕಡಿ ಸಾಲು ಇದ್ದರೆ 2,4-ಡಿ ಸಿಂಪಡಿಸಬಾರದು ಎಂಬುದನ್ನೂ ಮರೆಯಬಾರದು.

ದೊಡ್ಡ ಹನಿ ಯಾವುದು?

ದೊಡ್ಡ ಕಟ್ಟಡಗಳಲ್ಲಿ ಈ ನೀರು ನಿಜವಾಗಿಯೂ ದೊಡ್ಡದಾಗುತ್ತದೆ. ದುಬೈ ನಗರದ ಬುರ್ಜ್ ಖಲೀಫಾ ಕಟ್ಟಡದ ಹವಾನಿಯಂತ್ರಣ ವ್ಯವಸ್ಥೆಯಿಂದ ವರ್ಷಕ್ಕೆ ಸುಮಾರು ಐದೂವರೆ ಕೋಟಿ ಲೀಟರ್ ನೀರು ಸಂಗ್ರಹವಾಗಿ ಸುತ್ತಲಿನ ಉದ್ಯಾನಕ್ಕೆ ಹೋಗುತ್ತದೆ. ಅದು ಸಮುದ್ರದ ದಡ. ಗಾಳಿಯಲ್ಲಿ ತೇವ ತುಂಬಿದೆ, ಕಟ್ಟಡ ನೂರು ಅಂತಸ್ತಿಗೂ ಮಿಗಿಲು. ಬಾಣಾವರದ ರೈತ ಅದನ್ನು ನೋಡಿ ಆಸೆಪಡಬೇಕಾಗಿಲ್ಲ. ಅವನ ತಲೆಯ ಮೇಲೆಯೇ ಅದಕ್ಕಿಂತ ಹತ್ತಿರದ ನೀರಿದೆ.

ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹನ್ನೆರಡು ಚದರ ಮೀಟರ್‌ನ ವಾಹನದ ಚಾವಣಿಯ ಮೇಲೆ ಹತ್ತು ಮಿಲಿಮೀಟರ್‌ನ ಒಂದು ಹದ ಮಳೆ ಬಿದ್ದರೆ 120 ಲೀಟರ್. ಅದು ಎ.ಸಿ. ಯಂತ್ರದ ಸುಮಾರು ಒಂದು ತಿಂಗಳ ನೀರು. ನೂರು ಚದರ ಮೀಟರ್‌ನ ಹಂಚಿನ ಮನೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ, ಸೋರಿ ಹೋದದ್ದನ್ನು ಬಿಟ್ಟು ಶೇ. 80ರಷ್ಟು ಹಿಡಿದರೂ 48,000 ಲೀಟರ್. ಬಿಡಾರಕ್ಕೆ ಜಾಗ ಕೊಡಲು ಹಣ ಹೂಡುವ ರೈತರು ಮೊದಲು ಚಾವಣಿಯ ಮಳೆ ನೀರಿನ ತೊಟ್ಟಿಗೆ, ಕೃಷಿ ಹೊಂಡಕ್ಕೆ ಹೂಡಬೇಕು. ಎ.ಸಿ. ನೀರಿಗೆ ಬೇಕಾಗುವುದು ಒಂದು ಕ್ಯಾನ್, ಎರಡು ಮಾರು ಕೊಳವೆ. ಅದಕ್ಕೆ ಹೆಚ್ಚು ಖರ್ಚು ಮಾಡಿದರೆ ಗಿಟ್ಟುವುದಿಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

ಬಾಗಿಲು ಮುಚ್ಚಿದ ವಾಹನದ ಎ.ಸಿ.ಯಿಂದ ತೇವದ ರಾತ್ರಿಯಲ್ಲಿ 3ರಿಂದ 6 ಲೀಟರ್, ಒಣ ರಾತ್ರಿಯಲ್ಲಿ ಒಂದೆರಡು ಲೀಟರ್ ನಿರೀಕ್ಷಿಸಬಹುದು. ಅಳೆದು ಬರೆದಿಡಬೇಕು.

ನೀರಿಗಾಗಿ ಯಂತ್ರ ಓಡಿಸಬಾರದು. ಹೇಗೂ ಓಡುವ ಯಂತ್ರದ ನೀರನ್ನು ಬಿಡಬಾರದು.

ಮನುಷ್ಯರಿಗಾಗಲಿ, ಜಾನುವಾರುಗಳಿಗಾಗಲಿ ಕುಡಿಯಲು ಕೊಡಬಾರದು.

ಕ್ಯಾನಿನ ಬಾಯಿಗೆ ಪರದೆ ಕಟ್ಟಿ, ಮೂರು ನಾಲ್ಕು ದಿನದೊಳಗೆ ನೀರು ಬಳಸಬೇಕು.

ತೋಟದಲ್ಲಿ ಒಂದೇ ಸಸಿಯನ್ನು ಆರಿಸಿಕೊಂಡು, ಮಡಕೆ ಮತ್ತು ಹೊದಿಕೆಯೊಂದಿಗೆ ಕೊಡಬೇಕು. ಕೊರತೆಯನ್ನು ಬೇರೆ ನೀರಿನಿಂದ ತುಂಬಬೇಕು.

ಹತ್ತು ಸಸಿಗಳಿಗೆ ಹಂಚಿದರೆ ಯಾವುದಕ್ಕೂ ಸಾಲದ ನೀರು ಒಂದೇ ಸಸಿಗೆ ನೆರವಾಗುತ್ತದೆ. ತೋಟದ ಅಂಚಿನಲ್ಲಿ ಬಿಡಾರ ನಿಲ್ಲುವ ಜಾಗದ ಪಕ್ಕದಲ್ಲೇ, ಬರದಲ್ಲಿ ಸತ್ತ ಮರದ ಗುಳಿಯಲ್ಲಿ, ಅಂತಹ ಒಂದು ಸಸಿಯನ್ನು ಈ ಮುಂಗಾರಿನಲ್ಲಿ ನೆಟ್ಟು ನೋಡುವುದು ಲೇಸು. ಎರಡು ಬೇಸಿಗೆ ದಾಟಿದ ಮೇಲೆ ಅದರ ಬುಡದಲ್ಲಿ ನಿಂತು, ನೋಟ್‌ಪುಸ್ತಕ ತೆರೆದು, ಎಷ್ಟು ಲೀಟರ್ ಈ ಕೊಳವೆಯಿಂದ ಬಂತು, ಎಷ್ಟು ಬಾವಿಯಿಂದ ಬಂತು ಎಂದು ಕೂಡಿಸಿದರೆ, ಹನಿಯ ಗಾದೆ ತಮ್ಮ ನೆಲದಲ್ಲಿ ಎಷ್ಟರ ಮಟ್ಟಿಗೆ ನಿಜ ಎಂಬುದು ರೈತರಿಗೆ ತಾನಾಗಿಯೇ ತಿಳಿಯುತ್ತದೆ.